ಆಫ್ ಮಾಡಿದ ಮೇಲೂ

ಮಾರ್ಚ್ ೪

ಅತ್ತಿಗೆಯವರಿಗೆ ನಮಸ್ಕಾರಗಳು.

ಮೊದಲು ಕ್ಷೇಮ ಎಂದು ಬರೆದೆ, ಆಮೇಲೆ ಹೊಡೆದು ಹಾಕಿದೆ. ಅದರ ಬದಲಿಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಊಟ ಮಾಡುತ್ತಿದ್ದೇನೆ. ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ಶಾಲೆ ಯೂನಿಫಾರ್ಮಿನ ಸೀಸನ್ನು, ದಿನಕ್ಕೆ ನಲವತ್ತು ಕಾಲರು.

ಫೋನಿನಲ್ಲಿ ಮಾತು ನಿಮಗೆ ಒಡೆದೊಡೆದು ಕೇಳಿಸುತ್ತದೆ ಎಂದು ಗೊತ್ತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿಮ್ಮ ತಮ್ಮ ಹೋಗಿ ಇವತ್ತಿಗೆ ನಲವತ್ತನಾಲ್ಕು ದಿನ. ಹೋದ ವಾರ ಸಬ್‌ಸ್ಟೇಷನ್ನಿನ ಕಚೇರಿಯಿಂದ ವರದಿ ಬಂತು. ನಾಲ್ಕು ಪುಟ. ಅಕ್ಷರ ಓದಲು ಬರುತ್ತದೆ, ವಿಷಯ ತಲೆಗೆ ಹತ್ತುತ್ತಿಲ್ಲ. ಲೈನ್ ಆಫ್ ಮಾಡಿದ ಮೇಲೆ ಕೆಪಾಸಿಟರಿನಲ್ಲಿ ಉಳಿದಿದ್ದ ಚಾರ್ಜಿನಿಂದ ಸಾವು ಅಂತ ಬರೆದಿದ್ದಾರೆ. ಮನೆಯಲ್ಲಿ ದೀಪ ಆರಿಸಿದರೆ ಆರಿತು. ಆಫ್ ಮಾಡಿದ ಮೇಲೂ ಉಳಿಯುವುದು ಏನು?

ಇವರ ಜೊತೆ ಪಾಳಿಯಲ್ಲಿದ್ದ ಉದ್ದಣ್ಣನನ್ನು ಕೇಳಿದೆ. "ಅದು ಹಂಗೇ ಅಕ್ಕಾ, ಒಳಗೆ ಇರುತ್ತೆ" ಅಂದ. ಅಂದವನು ತನ್ನ ಚಪ್ಪಲಿ ನೋಡುತ್ತಾ ನಿಂತುಬಿಟ್ಟ.

ನೀವು ಮೂವತ್ತೆಂಟು ವರ್ಷ ಭೌತಶಾಸ್ತ್ರ ಪಾಠ ಮಾಡಿದವರು. ನಾನು ಹತ್ತನೇ ಕ್ಲಾಸಿನಲ್ಲಿ ವಿಜ್ಞಾನಕ್ಕೆ ಮೂವತ್ತೈದು ತೆಗೆದು ಬಾಲ ಹಿಡಿದು ದಾಟಿದವಳು. ನನಗೆ ಮೊದಲಿನಿಂದ ಹೇಳಿಕೊಡಿ.

ನಿಮ್ಮ
ಗುಬ್ಬಿ


ಮಾರ್ಚ್ ೧೧

ಗುಬ್ಬಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಪಾಲಿಯೆಸ್ಟರ್ ಲೈನಿಂಗಿಗೆ ಇಸ್ತ್ರಿ ಹೊಡೆದು ಎಳೆದಾಗ ಅದು ಕೈಗೆ ಅಂಟಿಕೊಳ್ಳುತ್ತದಲ್ಲ, ಚಟಚಟ ಅನ್ನುತ್ತದಲ್ಲ, ಅದು ಚಾರ್ಜು. ನಮ್ಮ ಪಠ್ಯದಲ್ಲಿ ವಿದ್ಯುದಾವೇಶ ಎನ್ನುತ್ತೇವೆ. ಎರಡು ವಸ್ತು ಉಜ್ಜಿದಾಗ ಒಂದರ ಮೈಮೇಲಿನ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ಹೋಗುತ್ತವೆ. ಕಳೆದುಕೊಂಡದ್ದು ಧನ, ಪಡೆದದ್ದು ಋಣ. ಧನವೂ ಋಣವೂ ಒಂದನ್ನೊಂದು ಎಳೆಯುತ್ತವೆ. ಒಂದೇ ಜಾತಿಯವು ದೂರ ತಳ್ಳುತ್ತವೆ. ಹೊಸದಾಗಿ ಏನೂ ಹುಟ್ಟಲಿಲ್ಲ, ಏನೂ ಸಾಯಲಿಲ್ಲ. ಇದ್ದದ್ದೇ ಜಾಗ ಬದಲಿಸಿತು, ಅಷ್ಟೆ.

ಜಾಗ ಬದಲಿಸಲು ದಾರಿ ಬೇಕು. ತಾಮ್ರ ಒಳ್ಳೆಯ ದಾರಿ. ಪ್ಲಾಸ್ಟಿಕ್ಕು, ಒಣ ಗಾಳಿ ದಾರಿಯಲ್ಲ. ಲೈನ್ ಆಫ್ ಮಾಡುವುದೆಂದರೆ ಇನ್ನಷ್ಟು ಬರುವುದನ್ನು ನಿಲ್ಲಿಸುವುದು. ಆಗಲೇ ಬಂದು ಸೇರಿದ್ದು, ಹೋಗಲು ದಾರಿಯಿಲ್ಲದಿದ್ದರೆ, ಇದ್ದಲ್ಲೇ ಇರುತ್ತದೆ. ನಿನ್ನ ಮನೆಯ ದೀಪದಲ್ಲಿ ಶೇಖರಣೆಯ ಜಾಗವಿಲ್ಲ, ಅದಕ್ಕೇ ಆರಿಸಿದರೆ ಆರಿತು.

ನನ್ನ ಕಡೆ ಬೇರೆ ಸಮಾಚಾರವಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂರುತ್ತೇನೆ. ಈಗ ಹನ್ನೆರಡು ವರ್ಷ ಹಿಂದಿನದಕ್ಕೆ ಬಂದಿದ್ದೇನೆ.

ಇಂತು,
ನಿನ್ನ ಅತ್ತಿಗೆ


ಮಾರ್ಚ್ ೧೭

ಅತ್ತಿಗೆಯವರಿಗೆ ನಮಸ್ಕಾರ.

ನೀವು ಬರೆದದ್ದನ್ನು ಮೂರು ಸಲ ಓದಿದೆ. ಕೆಲಸದ ಜಾಗದಲ್ಲಿ ಪ್ಲಾಸ್ಟಿಕ್ ಸ್ಕೇಲನ್ನು ಸೆರಗಿಗೆ ಉಜ್ಜಿ ಕತ್ತರಿಸಿ ಬಿದ್ದ ದಾರದ ತುಣುಕುಗಳ ಮೇಲೆ ಹಿಡಿದೆ. ಎದ್ದು ಬಂದವು. ಸ್ಕೇಲು ಇನ್ನೂ ಬೆರಳಷ್ಟು ಮೇಲೆ ಇತ್ತು, ಮುಟ್ಟಿರಲಿಲ್ಲ. ಅಂಗಡಿ ಮೇಡಂ ನೋಡಿ, "ಏನಮ್ಮಾ, ಆಟ ಆಡ್ತಿದ್ಯಾ?" ಅಂದರು. ಹೌದು ಅಂದೆ. ಅವರು ಇನ್ನೇನೂ ಕೇಳಲಿಲ್ಲ. ಈಗ ಯಾರೂ ನನ್ನನ್ನು ಎರಡನೇ ಪ್ರಶ್ನೆ ಕೇಳುವುದಿಲ್ಲ.

ಮುಟ್ಟದೆಯೇ ಎಳೆಯುವುದು ಹೇಗೆ? ಇವರಿಗೂ ಹತ್ತಿರ ಹೋದಾಗ ಏನಾದರೂ ಗೊತ್ತಾಗಿರಬಹುದೇ?

ಸೋಮವಾರ ಮೆಷಿನ್ನಿನ ಸೂಜಿ ಬೆರಳಿಗೆ ಹೋಯಿತು. ಕಾಲರಿನ ಮೇಲೆ ಕೆಂಪು ಕಂಡಾಗಲೇ ತಿಳಿದದ್ದು. ನೋವಾಗಲಿಲ್ಲ. ಆಮೇಲೂ ಆಗಲಿಲ್ಲ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ನಿಮ್ಮ ಕಾಗದದಲ್ಲಿ ಎಲ್ಲೂ ಇವರ ಮಾತು ಇರಲಿಲ್ಲ. ಇರಲಿ. ನಾನು ಕೇಳಿದ್ದೂ ಪಾಠವನ್ನೇ ತಾನೇ.

ಗುಬ್ಬಿ


ಮಾರ್ಚ್ ೨೬

ಗುಬ್ಬಿಗೆ ಆಶೀರ್ವಾದಗಳು.

ಚಾರ್ಜು ಇದ್ದ ಕಡೆ ಅದರ ಸುತ್ತಲಿನ ಜಾಗವೂ ಮೊದಲಿನಂತೆ ಇರುವುದಿಲ್ಲ. ಅಲ್ಲಿಗೆ ಇನ್ನೊಂದು ಚಾರ್ಜು ತಂದಿಟ್ಟರೆ ಅದರ ಮೇಲೆ ಬಲ ಬೀಳುತ್ತದೆ. ಆ ಜಾಗಕ್ಕೆ ವಿದ್ಯುತ್ ಕ್ಷೇತ್ರ ಎಂದು ಹೆಸರು. ಹತ್ತಿರ ಹೋದಷ್ಟೂ ಬಲ ಹೆಚ್ಚು. ಎರಡರಷ್ಟು ದೂರ ಸರಿದರೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಅವನಿಗೆ ಗೊತ್ತಾಗಿರಬಹುದೇ ಎಂದು ಕೇಳಿದ್ದೀಯ. ಮುಂಗೈ ಕೂದಲು ಎದ್ದಿರಬಹುದು, ಎದ್ದಿಲ್ಲದೆಯೂ ಇರಬಹುದು. ಡಬ್ಬಿಯ ಒಳಗಿನದು ಬಹುಪಾಲು ಒಳಗೇ ಇರುತ್ತದೆ.

ಇನ್ನು ವಿಭವ. ಮಹಡಿ ಮೆಟ್ಟಿಲು ನೆನೆಸಿಕೋ. ಮೂರನೇ ಮಹಡಿಗೆ ಯಾವ ಮೆಟ್ಟಿಲು ಹತ್ತಿ ಹೋದರೂ ನೀನು ಇರುವ ಎತ್ತರ ಒಂದೇ. ಅಲ್ಲಿಂದ ಬಿದ್ದರೆ ಪೆಟ್ಟು ಎಷ್ಟು ಎನ್ನುವುದನ್ನು ಆ ಎತ್ತರ ಹೇಳುತ್ತದೆ. ಚಾರ್ಜಿಗೆ ಅಂಥ ಎತ್ತರವೇ ವಿಭವ. ವೋಲ್ಟು ಎಂದು ಅಳೆಯುವುದು ಎರಡು ಜಾಗಗಳ ನಡುವಿನ ಎತ್ತರದ ವ್ಯತ್ಯಾಸವನ್ನು. ಹಕ್ಕಿ ತಂತಿಯ ಮೇಲೆ ಕೂತರೆ ಏನೂ ಆಗುವುದಿಲ್ಲ, ಅದರ ಎರಡು ಕಾಲೂ ಒಂದೇ ಮಹಡಿಯಲ್ಲಿವೆ. ಮನುಷ್ಯನ ಕೈ ತಂತಿಯಲ್ಲಿ, ಕಾಲು ನೆಲದಲ್ಲಿ.

ಕೆಪಾಸಿಟರು ಎಂದರೆ ತೆಳು ಲೋಹದ ಎರಡು ಹಾಳೆ, ನಡುವೆ ಪ್ಲಾಸ್ಟಿಕ್ಕಿನ ಲೈನಿಂಗು, ಎಲ್ಲ ಸೇರಿಸಿ ಬಟ್ಟೆ ಥಾನಿನಂತೆ ಸುತ್ತಿ ಡಬ್ಬಿಗೆ ಹಾಕಿದ್ದು. ಒಂದು ಹಾಳೆಯಲ್ಲಿ ಧನ, ಇನ್ನೊಂದರಲ್ಲಿ ಋಣ. ಎಳೆದುಕೊಳ್ಳುತ್ತಿರುತ್ತವೆ, ಸೇರಲಾರವು. ಆಫ್ ಮಾಡಿದ ಮೇಲೆ ಅವು ಮೆಲ್ಲಗೆ ಸೇರಿ ತಣ್ಣಗಾಗಲೆಂದೇ ಡಬ್ಬಿಯೊಳಗೆ ಒಂದು ರೆಸಿಸ್ಟರು ಇಟ್ಟಿರುತ್ತಾರೆ. ಅದೊಂದು ಇಕ್ಕಟ್ಟಿನ ದಾರಿ. ಲೆಕ್ಕಕ್ಕೆ, ನಿಮಿಷಕ್ಕೊಮ್ಮೆ ಅರ್ಧವಾಗುತ್ತದೆ ಎಂದಿಟ್ಟುಕೋ. ಒಂದು ಮೀಟರ್ ಬಟ್ಟೆಯನ್ನು ಅರ್ಧ, ಆ ಅರ್ಧದಲ್ಲಿ ಅರ್ಧ ಎಂದು ಹತ್ತು ಸಲ ಕತ್ತರಿಸಿದರೆ ಉಳಿಯುವುದು ಒಂದು ಮಿಲಿಮೀಟರು. ಹತ್ತು ನಿಮಿಷ ಕಾಯಬೇಕು ಎನ್ನುವ ನಿಯಮ ಬಂದದ್ದು ಹೀಗೆ. ಅಷ್ಟಾದರೂ ನಂಬಬಾರದು. ನೆಲಕ್ಕೆ ತಂತಿ ಕಟ್ಟಿದ ಅರ್ಥಿಂಗ್ ಕೋಲನ್ನು ಮುಟ್ಟಿಸಿ, ಉಳಿದದ್ದನ್ನು ಇಳಿಸಿ, ಆಮೇಲೆ ಕೈ ಹಾಕಬೇಕು.

ಅವನು ಚಿಕ್ಕಂದಿನಿಂದ ಅವಸರದವನು. ಒಲೆ ಮೇಲಿನ ಹಾಲು ಆರುವ ತನಕ ಕಾಯದೆ ನಾಲಿಗೆ ಸುಟ್ಟುಕೊಳ್ಳುತ್ತಿದ್ದ. ನೀನು ವರದಿ ಇಟ್ಟುಕೊಂಡು ಅವನ ತಪ್ಪು ಎಷ್ಟು ಎಂದು ಅಳೆಯುತ್ತಿದ್ದೀಯ ಎಂದು ನನಗೆ ತೋರುತ್ತದೆ. ಬೇಡ. ಅದು ಮುಗಿದ ವಿಷಯ, ಕೆದಕಬೇಡ.

ಅತ್ತಿಗೆ


ಏಪ್ರಿಲ್ ೩

ಅತ್ತಿಗೆಯವರಿಗೆ,

ನಾನು ಇವರ ತಪ್ಪು ಅಳೆಯುತ್ತಿಲ್ಲ.

ವರದಿಯ ಮೂರನೇ ಪುಟದಲ್ಲಿರುವುದನ್ನು ಹಾಗೇ ಬರೆದಿದ್ದೇನೆ: "೧೧.೦೫ಕ್ಕೆ ಸಂಪರ್ಕ ಕಡಿತಗೊಂಡಿದ್ದು ಯಂತ್ರದ ದಾಖಲೆಯಲ್ಲಿದೆ. ೧೧.೩೦ಕ್ಕೆ ಸಹೋದ್ಯೋಗಿಯು ನೌಕರರನ್ನು ಬಿದ್ದ ಸ್ಥಿತಿಯಲ್ಲಿ ಕಂಡರು. ಕೆಪಾಸಿಟರಿನಲ್ಲಿ ಚಾರ್ಜು ಉಳಿದಿದ್ದರಿಂದ, ನೌಕರರು ನಿಗದಿತ ಹತ್ತು ನಿಮಿಷ ಕಾಯದೆ ನಿರ್ಲಕ್ಷ್ಯದಿಂದ ಕೈ ಹಾಕಿದ್ದಾರೆಂದು ತಿಳಿದುಬರುತ್ತದೆ."

ಜೊತೆಗೆ ಯಾರೂ ಇರಲಿಲ್ಲ. ಕಾದಿಲ್ಲ ಎಂದು ಹೇಗೆ ತಿಳಿದುಬಂತು?

ಹದಿನೆಂಟು ನಿಮಿಷ ಕಾದರೆ ಎಷ್ಟು ಉಳಿಯುತ್ತದೆ? ಹಾಗೇ ಕೇಳಿದೆ, ಬೇರೇನಿಲ್ಲ.

ಗುಬ್ಬಿ


ಏಪ್ರಿಲ್ ೫

ಗುಬ್ಬಿ,

ಎರಡೂವರೆ ಲಕ್ಷದಲ್ಲಿ ಒಂದು ಪಾಲು. ಎಂದರೆ ಏನೂ ಇಲ್ಲ. ಹದಿನೆಂಟು ನಿಮಿಷದ ಮೇಲೂ ಆಳನ್ನು ಬೀಳಿಸುವಷ್ಟು ಉಳಿದಿದ್ದರೆ ಒಳಗಿನ ರೆಸಿಸ್ಟರು ಸುಟ್ಟು ದಾರಿ ಕಡಿದಿತ್ತು ಎಂದೇ ಅರ್ಥ. ಆಗ ಹತ್ತು ನಿಮಿಷ ಕಾದರೂ ಅಷ್ಟೆ, ಒಂದು ಗಂಟೆ ಕಾದರೂ ಅಷ್ಟೆ.

ಹಾಗೇ ಕೇಳುವವರು ಹದಿನೈದು ಎನ್ನುತ್ತಾರೆ, ಇಪ್ಪತ್ತು ಎನ್ನುತ್ತಾರೆ. ಹದಿನೆಂಟು ಎಲ್ಲಿಂದ ಬಂತು? ನಿನಗೆ ಏನು ಗೊತ್ತು?

ಅತ್ತಿಗೆ


ಏಪ್ರಿಲ್ ೨೪

ಗುಬ್ಬಿ,

ಉತ್ತರ ಬರಲಿಲ್ಲ. ಹೋದ ಕಾಗದ ಗದರಿದಂತಿತ್ತೋ ಏನೋ. ತರಗತಿಯ ಚಾಳಿ, ಬಿಟ್ಟರೂ ಬಿಡದು. ಬೆರಳು ವಾಸಿಯಾಯಿತೇ? ಅದನ್ನು ಆಗಲೇ ಕೇಳಬೇಕಿತ್ತು.

ಅತ್ತಿಗೆ


ಮೇ ೧೦

ಅತ್ತಿಗೆಯವರಿಗೆ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಹೇಗೆ ಬರುತ್ತದೋ ಹಾಗೇ ಹಾಕುತ್ತೇನೆ.

ಅವತ್ತು ಬೆಳಗ್ಗೆ ಇವರು ನನಗೆ ಫೋನು ಮಾಡಿದ್ದರು. ೧೧.೦೭ಕ್ಕೆ. ಹದಿನಾರು ನಿಮಿಷ ಮಾತಾಡಿದೆವು. ನನ್ನ ಫೋನಿನಲ್ಲಿ ಇನ್ನೂ ಇದೆ. ಕಚೇರಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮದುವೆಯಾದಾಗಿನಿಂದ ಇವರದೊಂದು ಅಭ್ಯಾಸವಿತ್ತು. ವಾರಕ್ಕೆ ಒಂದೆರಡು ಸಲ ಕೆಲಸದ ನಡುವೆ ಫೋನು ಮಾಡಿ, "ಹತ್ತು ನಿಮಿಷ ಕೈ ಕಟ್ಕೊಂಡು ನಿಂತ್ಕೋಬೇಕು ಕಣೆ, ಏನಾದ್ರೂ ಮಾತಾಡು" ಅನ್ನುತ್ತಿದ್ದರು. ಯಾಕೆ ನಿಲ್ಲಬೇಕು ಅಂತ ನಾನು ಒಂದು ದಿನವೂ ಕೇಳಿದವಳಲ್ಲ. ಬೀಡಿ ಸೇದುವ ಬಿಡುವು ಇರಬೇಕು ಅಂದುಕೊಂಡಿದ್ದೆ. ನೀವು ಮಾರ್ಚಿನಲ್ಲಿ ಮೀಟರ್ ಬಟ್ಟೆಯ ಲೆಕ್ಕ ಬರೆದಿರಲ್ಲ, ಆಗ ತಿಳಿಯಿತು. ಕಾಗದ ಮಡಿಚಿ ಇಟ್ಟು ಸಂಜೆಯವರೆಗೆ ಹಾಗೇ ಕೂತಿದ್ದೆ.

ಮುಂದಿನದು ನಿಮಗೆ ಬರೆಯುವುದೇ ಕಷ್ಟ.

ಅವತ್ತು ಮಾತು ನಿಮ್ಮದೇ. "ಅಕ್ಕನ್ನ ಇಲ್ಲಿಗೇ ಕರ್ಕೊಂಡು ಬಂದ್ಬಿಡೋಣ. ಒಬ್ಳೇ ಇದ್ದಾಳೆ, ಕಿವಿ ಬೇರೆ ಕೇಳ್ಸಲ್ಲ" ಅಂದರು. ನಾನು, "ಇರೋದು ಎರಡು ರೂಮು, ಎಲ್ಲಿ ಮಲಗಿಸ್ತೀರಿ? ಹೊಲಿಗೆ ಮೆಷಿನ್ ಮೇಲಾ?" ಅಂದೆ. ಅವರು ನಕ್ಕರು. ನನಗೆ ಅದಕ್ಕೇ ಸಿಟ್ಟು ಬಂತು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಾನು, "ನೀವು ಇದ್ರೂ ಒಂದೇ, ಇಲ್ದಿದ್ರೂ ಒಂದೇ ನಂಗೆ" ಅಂದೆ. ಅವರು, "ಸರಿ, ಇಡ್ತೀನಿ, ಕೆಲ್ಸ ಇದೆ" ಅಂದರು. ೧೧.೨೩.

ಅರ್ಥಿಂಗ್ ಕೋಲು ಗೋಡೆಯ ಕೊಕ್ಕೆಯಲ್ಲೇ ತೂಗುತ್ತಿತ್ತು ಎಂದು ಉದ್ದಣ್ಣ ಹೇಳಿದ. ಕೈಗೆ ತೆಗೆದುಕೊಂಡೇ ಇಲ್ಲವಂತೆ. ಅದನ್ನು ಮರೆಸಿದ್ದು ನಾನು.

ಕೆದಕಬೇಡ ಎಂದು ನೀವು ಬರೆದಾಗ, ಇವರು ನನ್ನ ಫೋನು ಇಟ್ಟ ಮೇಲೆ ನಿಮಗೂ ಮಾಡಿ ಎಲ್ಲ ಹೇಳಿಕೊಂಡಿದ್ದಾರೆ, ನನ್ನ ಮರ್ಯಾದೆ ಉಳಿಸಲು ಹಾಗೆ ಬರೆದಿದ್ದೀರಿ ಅಂದುಕೊಂಡೆ. ಹೌದೋ ಅಲ್ಲವೋ ಗೊತ್ತಿಲ್ಲ. ಇನ್ನು ಕಾಗದ ಬರೆಯುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ಗುಬ್ಬಿ


ಮೇ ೧೩

ಗುಬ್ಬಿ,

ನಿನ್ನ ಕಾಗದ ಮಧ್ಯಾಹ್ನ ಬಂತು. ಎದ್ದು ಹೋಗಿ ಮುಖ ತೊಳೆದು ಬಂದು ಬರೆಯುತ್ತಿದ್ದೇನೆ.

ಅವನು ನನ್ನ ಹತ್ತಿರ ಏನೂ ಹೇಳಿರಲಿಲ್ಲ. ಇಲ್ಲಿಗೆ ಬಂದಿರು ಎಂದು ನನ್ನನ್ನು ಒಂದು ಮಾತು ಕೇಳಲೂ ಇಲ್ಲ. ಕೇಳಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ನನಗೆ ನನ್ನ ಮನೆ, ನನ್ನ ಬೀಗದಕೈ ಬೇಕು. ಯಾರೂ ಕೇಳದ, ಯಾರಿಗೂ ಬೇಡದ ವಿಷಯಕ್ಕೆ ನೀವಿಬ್ಬರು ಹದಿನಾರು ನಿಮಿಷ ಜಗಳವಾಡಿದ್ದೀರಿ.

ಕೆದಕಬೇಡ ಎಂದದ್ದು ನಿನ್ನ ಮರ್ಯಾದೆಗಲ್ಲ, ನನ್ನದಕ್ಕೆ. ಫೆಬ್ರವರಿ ಹತ್ತರಂದು ಕಚೇರಿಯಿಂದ ಇಬ್ಬರು ನಮ್ಮ ಮನೆಗೆ ಬಂದಿದ್ದರು. "ಅವರ ಹೆಂಡ್ತಿ ಮಾತಾಡೋ ಸ್ಥಿತೀಲಿಲ್ಲ ಮೇಡಂ, ನೀವು ಓದಿದವರು, ಮನೆಗೆ ಹಿರಿಯರು" ಅಂದರು. ವರದಿಗೆ ಮನೆಯವರ ತಕರಾರಿಲ್ಲ ಎನ್ನುವ ಕಾಗದಕ್ಕೆ ಸಹಿ ಮಾಡಿಕೊಟ್ಟೆ. ಓದದೆ ಮಾಡಿದೆ ಎಂದು ಬರೆದರೆ ಹಗುರವಾಗುತ್ತದೆ, ಆದರೆ ಸುಳ್ಳು. ಓದಿದೆ. ನಂಬಿದೆ. ನನ್ನ ತಮ್ಮ ಅವಸರದವನು ಎಂದು ನನ್ನ ತಲೆಯಲ್ಲಿ ಐವತ್ತು ವರ್ಷದಿಂದ ಬರೆದುಹೋಗಿತ್ತು. ಅವನಿಗೆ ಐವತ್ತಾರು, ನನ್ನ ಪಾಲಿಗೆ ಇನ್ನೂ ಆರು.

ಚಾರ್ಜು ಉಳಿದಿತ್ತು, ಆದ್ದರಿಂದ ಅವನು ಕಾದಿಲ್ಲ. ಕಾದಿಲ್ಲ, ಆದ್ದರಿಂದ ಚಾರ್ಜು ಉಳಿದಿತ್ತು. ಇದು ಪುಸ್ತಕದ ಹಿಂದಿನ ಉತ್ತರ ನೋಡಿಕೊಂಡು ಮುಂದಿನ ಸಾಲು ಬರೆಯುವ ಹುಡುಗಿಯರ ಲೆಕ್ಕ. ನಾನು ಇದಕ್ಕೆ ಸೊನ್ನೆ ಹಾಕುತ್ತಿದ್ದೆ. ಅದರ ಕೆಳಗೇ ಸಹಿ ಹಾಕಿದ್ದೇನೆ.

೧೧.೦೫ಕ್ಕೆ ಆಫ್. ೧೧.೨೩ರವರೆಗೆ ನಿನ್ನೊಡನೆ ಮಾತು. ಅವನು ಕಾದಿದ್ದ, ಗುಬ್ಬಿ. ಬೇಕಾದ್ದಕ್ಕಿಂತ ಎಂಟು ನಿಮಿಷ ಹೆಚ್ಚು ಕಾದಿದ್ದ. ನೀನು ಬಚ್ಚಿಟ್ಟ ಆ ಫೋನೇ ಅದಕ್ಕೆ ಸಾಕ್ಷಿ, ಬೇರೆ ಸಾಕ್ಷಿಯೇ ಇಲ್ಲ. ಸಬ್‌ಸ್ಟೇಷನ್ನಿನ ಅಂಗಳದಲ್ಲಿ ಅಂಥ ಡಬ್ಬಿಗಳ ಸಾಲುಗಳು ಇನ್ನೂ ಇವೆ. ಅವಕ್ಕೂ ಯಾರಾದರೂ ಹತ್ತು ನಿಮಿಷ ಕಾದು ಕೈ ಹಾಕುತ್ತಿರುತ್ತಾರೆ.

ನನ್ನ ಸಹಿ ಹಿಂದಕ್ಕೆ ಪಡೆದಿದ್ದೇನೆ ಎಂದು ಬರೆದ ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ, ಲೆಕ್ಕವನ್ನೂ ಬರೆದಿದ್ದೇನೆ. ಒಪ್ಪಿಸುವುದು ನಿನ್ನ ಇಷ್ಟ. ಏನು ಮಾತಾಡಿದಿರಿ ಎಂದು ಅವರು ಕೇಳುತ್ತಾರೆ. ಕೋಲಿನ ವಿಷಯವನ್ನೂ ಕೇಳುತ್ತಾರೆ. ಅದನ್ನು ಮುಚ್ಚಿಡಬೇಡ. ಅವನು ಕೋಲು ಮುಟ್ಟಿಸಬೇಕಿತ್ತು, ಮುಟ್ಟಿಸಲಿಲ್ಲ.

ಅತ್ತಿಗೆ


ಜುಲೈ ೨

ಅತ್ತಿಗೆಯವರಿಗೆ ನಮಸ್ಕಾರಗಳು.

ಅರ್ಜಿ ಕೊಟ್ಟು ಐದು ವಾರ ಏನೂ ಆಗಲಿಲ್ಲ. ಜೂನ್ ಇಪ್ಪತ್ತಕ್ಕೆ ಕರೆದರು. ಉದ್ದನೆಯ ಮೇಜು, ಮೂವರು ಅಧಿಕಾರಿಗಳು, ಹೊರಗಿನಿಂದ ಬಂದ ಒಬ್ಬರು ಇಂಜಿನಿಯರಮ್ಮ. ಫೋನು ಮೇಜಿನ ಮೇಲಿಟ್ಟೆ. ಒಬ್ಬರಾದ ಮೇಲೊಬ್ಬರು ನೋಡಿದರು.

ನಡುವೆ ಕೂತವರು, "ಹದಿನಾರು ನಿಮಿಷ ಏನಮ್ಮಾ ಮಾತು?" ಅಂದರು.

"ಜಗಳ" ಅಂದೆ.

"ಯಾವ ವಿಷ್ಯಕ್ಕೆ?"

ಹೇಳಿದೆ. ಕೊನೆಯ ಮಾತನ್ನೂ ಹೇಳಿದೆ. ಬರೆದುಕೊಳ್ಳುತ್ತಿದ್ದ ಗುಮಾಸ್ತ ಪೆನ್ನು ನಿಲ್ಲಿಸಿ, "ಇದನ್ನೂ ಬರ್ಕೊಳ್ಳಾ ಸಾರ್?" ಅಂತ ಕೇಳಿದ. "ಬರ್ಕೊಳ್ಳಿ" ಅಂತ ನಾನೇ ಅಂದೆ. ನನ್ನ ಧ್ವನಿ ಬೇರೆ ಯಾರದೋ ಅನ್ನಿಸುತ್ತಿತ್ತು. ಅಳು ಬರಬಹುದು ಎಂದು ಕರ್ಚೀಫು ಹಿಡಿದು ಹೋಗಿದ್ದೆ, ಬೇಕಾಗಲಿಲ್ಲ.

ನಿಮ್ಮ ಲೆಕ್ಕವನ್ನು ಇಂಜಿನಿಯರಮ್ಮ ಎರಡು ಸಲ ಓದಿದರು. "ಯಾರು ಬರೆದಿದ್ದು?" ಅಂದರು. ನಮ್ಮ ಅತ್ತಿಗೆ ಅಂದೆ. "ಸರಿಯಾಗಿದೆ. ಕೂತ್ಕೊಂಡು ಮಾತಾಡೋದ್ರಲ್ಲಿ ಏನಿಲ್ಲ ಸಾರ್, ಹೋಗಿ ಅಳೆಯೋಣ" ಅಂದರು.

ಎಲ್ಲರೂ ಅಂಗಳಕ್ಕೆ ಹೋದೆವು. ನನ್ನನ್ನು ಬೇಲಿಯ ಹೊರಗೆ ನಿಲ್ಲಿಸಿದರು. ಇವರು ಮುಟ್ಟಿದ ಸಾಲನ್ನು ಅವತ್ತಿನಿಂದ ಬೀಗ ಹಾಕಿ ಇಟ್ಟಿದ್ದರು. ಡಬ್ಬಿಗಳಿಗೆ ಮೀಟರು ಹಿಡಿದರು. ಎರಡು ಡಬ್ಬಿಯಲ್ಲಿ ರೆಸಿಸ್ಟರು ಒಳಗೇ ಕಡಿದುಹೋಗಿತ್ತು. ಉಳಿದ ಮೂರು ಸಾಲುಗಳನ್ನು ಒಂದೊಂದಾಗಿ ಆಫ್ ಮಾಡಿ ಗಡಿಯಾರ ಇಟ್ಟುಕೊಂಡು ಹತ್ತು ನಿಮಿಷ ಕಾದರು. ಹತ್ತು ನಿಮಿಷ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯಿತು. ಎರಡು ಸಾಲು ಸರಿ ಇದ್ದವು. ಮೂರನೆಯದಕ್ಕೆ ಉದ್ದನೆಯ ಕೋಲಿನ ತುದಿಯ ಮೀಟರು ಹಿಡಿದಾಗ ಮುಳ್ಳು ಎದ್ದು ನಿಂತುಬಿಟ್ಟಿತು, ಕೆಳಗಿಳಿಯಲಿಲ್ಲ. ಉದ್ದಣ್ಣ ಅಲ್ಲೇ ಜಲ್ಲಿ ಮೇಲೆ ಕುಕ್ಕರಿಸಿದ. "ಹೋದ ವಾರ ಇದ್ರ ಬೋಲ್ಟು ನಾನೇ ಬಿಗಿ ಮಾಡಿದ್ದು ಅಕ್ಕಾ. ಕೋಲು ಮುಟ್ಟಿಸ್ದೆ, ಬದುಕ್ಕೊಂಡೆ" ಅಂದ.

ಹೊಸ ವರದಿ ನಿನ್ನೆ ಬಂತು. ನಿರ್ಲಕ್ಷ್ಯ ಎನ್ನುವ ಪದ ಇಲ್ಲ. ನೌಕರರು ನಿಗದಿತ ಸಮಯಕ್ಕಿಂತ ಹೆಚ್ಚು ಕಾಲ ಕಾದಿದ್ದರು, ಚಾರ್ಜು ಉಳಿದದ್ದು ಸಲಕರಣೆಯ ದೋಷದಿಂದ, ಅರ್ಥಿಂಗ್ ಕೋಲು ಬಳಸಿರಲಿಲ್ಲ, ಎಂದು ಇದೆ. ವರ್ಷಕ್ಕೊಮ್ಮೆ ಎಲ್ಲ ಡಬ್ಬಿ ಅಳೆಯಬೇಕು ಎಂದೂ ಬರೆದಿದ್ದಾರೆ.

ಅದನ್ನು ಓದಿ ಅನ್ನಕ್ಕೆ ಇಟ್ಟೆ. ಸಂತೋಷವೋ ದುಃಖವೋ ಒಂದೂ ಆಗಲಿಲ್ಲ.

ನಿಮ್ಮನ್ನು ಒಂದೇ ಕೇಳುವುದಿದೆ. ಇಪ್ಪತ್ತೊಂಬತ್ತು ವರ್ಷ ಆ ಕೋಲನ್ನು ಮರೆಯದವರು ಅವತ್ತು ಒಂದು ದಿನ ಮರೆತರು. ಯಾಕೆ?

ಗುಬ್ಬಿ


ಜುಲೈ ೮

ಗುಬ್ಬಿ,

ಗೊತ್ತಿಲ್ಲ.

ಲೆಕ್ಕ ಬಿಡಿಸುವ ಮೊದಲು, ಕೊಟ್ಟಿರುವುದು ಏನು ಎಂದು ಎಡಗಡೆ ಬರೆಯಿರಿ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ನಮಗೆ ಕೊಟ್ಟಿರುವುದು ೧೧.೦೫, ೧೧.೨೩, ೧೧.೩೦. ೧೧.೨೩ರಿಂದ ಮುಂದಿನ ಏಳು ನಿಮಿಷಕ್ಕೆ ನಮಗೆ ಏನೂ ಕೊಟ್ಟಿಲ್ಲ. ನಾನು ಅದರೊಳಗೆ ಅವನ ಅವಸರವನ್ನು ತುಂಬಿದ್ದೆ, ತಪ್ಪಾಯಿತು. ನೀನು ನಿನ್ನ ಮಾತನ್ನು ತುಂಬುತ್ತಿದ್ದೀಯ. ಅದು ನಿಜವಿರಬಹುದು. ಇಷ್ಟು ಹೊತ್ತು ನಿಂತಿದ್ದಾಯಿತು, ಇನ್ನೇನು ಉಳಿದಿರುತ್ತದೆ ಎಂದುಕೊಂಡನೋ. ಹಸಿವಾಗಿತ್ತೋ. ನಿನ್ನ ಮೆಷಿನ್ನಿನ ಮಾತಿಗೆ ಇನ್ನೂ ನಗುತ್ತಿದ್ದನೋ. ನಾನು ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನಿನಗೆ ಬಿಡಲು ಆಗದಿದ್ದರೆ ಆಗದು, ಅದಕ್ಕೆ ನನ್ನ ಹತ್ತಿರ ಪಾಠವಿಲ್ಲ.

ನಿನ್ನೆ ಮಹಡಿಯಲ್ಲಿ ಬಟ್ಟೆ ಒಣಹಾಕುವಾಗ ನನಗೆ ಅಳು ಬಂತು. ಜನವರಿಯಿಂದ ಬಂದಿರಲಿಲ್ಲ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಏನೋ ಕೇಳಿದಳು. ಏನು ಕೇಳಿದಳೋ ತಿಳಿಯಲಿಲ್ಲ, ನನ್ನ ತಮ್ಮ ಹೋಗಿಬಿಟ್ಟ ಅಂದೆ. ಆರು ತಿಂಗಳಾದ ಮೇಲೆ. ಅವಳು ಗೋಡೆ ಸುತ್ತಿಕೊಂಡು ಬಂದು ಉಳಿದ ಬಟ್ಟೆ ಹಿಂಡಿ ಹಾಕಿಕೊಟ್ಟಳು.

ಸೋಮವಾರ ಹತ್ತೂವರೆಯ ಬಸ್ಸಿಗೆ ಬರುತ್ತೇನೆ. ಎರಡು ದಿನ ಇದ್ದು ಹೋಗುತ್ತೇನೆ. ಬಂದು ಹೇಳುವಂಥದ್ದು ಏನೂ ಇಲ್ಲ. ಸುಮ್ಮನೆ ಬರುತ್ತೇನೆ.

ಅತ್ತಿಗೆ